ಕ್ಷಮಿಸಿ ಅಂತ ಅವರಿಗೆ ಹೇಳಬೇಡ ಪುಟ್ಟೀ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ. ಮಳೆ ನಿಂತಿದೆ, ಕಾಫಿ ಹಣ್ಣಾಗುತ್ತಿದೆ, ಕೊಯ್ಲಿಗೆ ಜನ ಸಿಗುವ ಲಕ್ಷಣ ಕಾಣುತ್ತಿಲ್ಲ. ಅದೆಲ್ಲ ಫೋನಿನಲ್ಲಿ ಹೇಳುತ್ತೇನೆ. ಪೆನ್ನು ಹಿಡಿದಿದ್ದು ನೀನು ಭಾನುವಾರ ಕೇಳಿದ ಮಾತಿಗೆ. ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಬರೆದು ಮುಗಿಸಿ, ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುತ್ತೇನೆ. ಪೋಸ್ಟಿಗೆ ಹಾಕಿದರೆ ನಿನಗೆ ಸಿಗುವಾಗ ಹದಿನೆಂಟನೇ ತಾರೀಕು ದಾಟಿರುತ್ತದೆ.

ನಿಮ್ಮ ಪಕ್ಕದ ಮನೆಯವರ ಅಕ್ಕ, ಆ ಅಕ್ಕನ ಇಬ್ಬರು ಮಕ್ಕಳು, ಮೂವರೂ 1978ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಕಾಡಿನಲ್ಲಿದ್ದ ಜೋನ್ಸ್‌ಟೌನ್‌ನಲ್ಲಿ ಸತ್ತರು ಅಂದೆ. ಸತ್ತವರೆಲ್ಲರ ಹೆಸರು ಕೆತ್ತಿದ ಕಲ್ಲುಗಳು ಅಲ್ಲೇ ಓಕ್ಲೆಂಡಿನ ಎವರ್‌ಗ್ರೀನ್ ಸ್ಮಶಾನದಲ್ಲಿವೆ, ಆದರೂ ಅವರು ಆ ಕಡೆ ಕಾಲಿಡುವುದಿಲ್ಲ, ಯಾಕೆಂದರೆ ಅದೇ ಕಲ್ಲಿನ ಮೇಲೆ ಆ ಸಾವುಗಳಿಗೆ ಕಾರಣನಾದ ಪಂಥದ ಗುರು ಜಿಮ್ ಜೋನ್ಸ್ ಹೆಸರೂ ಇದೆ ಅಂದೆ. ಆಮೇಲೆ ಕೇಳಿದೆ: "ಇಷ್ಟು ವರ್ಷ ಆಯ್ತಲ್ಲಮ್ಮಾ. ಕ್ಷಮಿಸಿಬಿಟ್ಟರೆ ಅವರ ಮನಸ್ಸಿಗೇ ಹಗುರ ಅಲ್ವಾ? ನಾನೇ ಒಂದು ಮಾತು ಹೇಳಲಾ?"

ಬೇಡ. ನಿನ್ನ ಮನಸ್ಸು ಒಳ್ಳೆಯದು, ಅದು ನನಗೆ ಗೊತ್ತು. ಆದರೂ ಆ ಮಾತು ಮಾತ್ರ ಆಡಬೇಡ.

ಆ ನವೆಂಬರ್ ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಚಿಕ್ಕಮಗಳೂರಲ್ಲಿ ಇಂದಿರಾ ಗಾಂಧಿಯ ಚುನಾವಣೆ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಅವರು ಇಲ್ಲಿಂದ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದ್ದರು. ಗೋಡೆಗಳ ಮೇಲಿನ ಬರಹ ಇನ್ನೂ ಒರೆಸಿರಲಿಲ್ಲ, ಅಷ್ಟರಲ್ಲಿ ಈ ಸುದ್ದಿ ಬಂತು. ದಕ್ಷಿಣ ಅಮೆರಿಕದ ಗಯಾನಾ ಅನ್ನುವ ದೇಶದ ಕಾಡಿನಲ್ಲಿ ನೂರಾರು ಅಮೆರಿಕನ್ನರು ವಿಷ ಕುಡಿದು ಸತ್ತರು. ನಿನ್ನ ತಾತ ಪೇಪರ್ ಮಡಚಿ ಇಟ್ಟು "ಹುಚ್ಚರು" ಅಂದರು. ಅವರೊಬ್ಬರೇ ಅಲ್ಲ, ಲೋಕವೆಲ್ಲ ಹಾಗೇ ಅಂದಿತು. ಸತ್ತವರ ಮನೆಯವರು ಇವತ್ತಿಗೂ ಕೇಳಿಸಿಕೊಳ್ಳುತ್ತಿರುವುದು ಅದೇ ಮಾತನ್ನು.

ನೀನು ಫೋನ್ ಇಟ್ಟ ಮೇಲೆ ಕೂತು ಓದಿದೆ. ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಸಂಬಂಧಿಸಿದ ಕಾಗದ, ಪತ್ರ, ಧ್ವನಿಮುದ್ರಣ ಎಲ್ಲ ಕೂಡಿಟ್ಟಿದ್ದಾರೆ. ಇತಿಹಾಸದ ಮೇಷ್ಟ್ರಾಗಿದ್ದವಳಿಗೆ ಇಂಥದ್ದು ಸಿಕ್ಕರೆ ರಾತ್ರಿ ಊಟ ತಡವಾಗುತ್ತದೆ, ಅಪ್ಪ ಗೊಣಗುತ್ತಾರೆ. ಇರಲಿ.

ಮೊದಲು ಈ ಹುಚ್ಚರ ಮಾತು. ಜಿಮ್ ಜೋನ್ಸ್ 1950ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ತನ್ನ 'ಪೀಪಲ್ಸ್ ಟೆಂಪಲ್' ಅನ್ನುವ ಪಂಥ ಶುರು ಮಾಡಿದಾಗ ಅಲ್ಲಿ ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂರುತ್ತಿದ್ದರು. ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ವಿಷಯವಲ್ಲ. ಅವನೂ ಅವನ ಹೆಂಡತಿ ಮಾರ್ಸಲೀನಳೂ ಒಂದು ಕಪ್ಪು ಮಗುವನ್ನು ದತ್ತು ತೆಗೆದುಕೊಂಡರು. ಆ ಮಗುವಿಗೆ ಅವನದ್ದೇ ಹೆಸರಿಟ್ಟರು, ಜಿಮ್ ಜೋನ್ಸ್ ಜೂನಿಯರ್ ಅಂತ. 1965ರಲ್ಲಿ ಗುಂಪು ಕ್ಯಾಲಿಫೋರ್ನಿಯಾಕ್ಕೆ ಬಂತು. ವಯಸ್ಸಾದವರನ್ನು ನೋಡಿಕೊಂಡರು, ಹಸಿದವರಿಗೆ ಊಟ ಹಾಕಿದರು, ಡ್ರಗ್ಸ್ ಚಟ ಬಿಡಿಸಿದರು. ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ 1976ರಲ್ಲಿ ಜೋನ್ಸ್‌ನನ್ನು ನಗರದ ವಸತಿ ಮಂಡಳಿಗೇ ನೇಮಿಸಿದರು. ಮೇಯರ್ ನಂಬಿದ ಮನುಷ್ಯನನ್ನು ಮನೆಗೆಲಸ ಮಾಡಿ ಬದುಕುವ ಒಬ್ಬ ಹೆಂಗಸು ನಂಬಿದರೆ ಅವಳಿಗೆ ಹುಚ್ಚಿ ಅನ್ನಬಹುದಾ?

ಒಳಗೆ ನಡೆಯುತ್ತಿದ್ದದ್ದು ಬೇರೆ. ಹೊಡೆತ, ಸುಳ್ಳು ಪವಾಡ, ಆಸ್ತಿಯನ್ನೆಲ್ಲ ಬರೆಸಿಕೊಳ್ಳುವುದು. ಬಿಟ್ಟು ಬಂದವರು 1977ರಲ್ಲಿ ಒಂದು ಪತ್ರಿಕೆಗೆ ಎಲ್ಲ ಹೇಳಿದರು. ಲೇಖನ ಅಚ್ಚಾಗುವ ಹೊತ್ತಿಗೆ ಜೋನ್ಸ್ ಗಯಾನಾಕ್ಕೆ ಹಾರಿದ. ಹಿಂದೆಯೇ ನೂರಾರು ಜನ ಹೋದರು. ಹೆಚ್ಚಿನವರು ಕಪ್ಪು ಜನ, ಅವರಲ್ಲಿ ಹೆಂಗಸರೇ ಜಾಸ್ತಿ. ವರ್ಣಭೇದ ಇಲ್ಲದ ಊರು ಕಟ್ಟುತ್ತೇವೆ ಅಂತ ಹೊರಟವರು ಅವರು.

ಇತ್ತ ಕ್ಯಾಲಿಫೋರ್ನಿಯಾದಲ್ಲಿ ಅವರ ಅಪ್ಪಂದಿರು, ಅಮ್ಮಂದಿರು, ಅಣ್ಣತಮ್ಮಂದಿರು ಸೇರಿ ಒಂದು ಗುಂಪು ಮಾಡಿಕೊಂಡರು. ನಮ್ಮವರನ್ನು ಅಲ್ಲಿ ಹಿಡಿದಿಟ್ಟಿದ್ದಾರೆ, ಯಾರಾದರೂ ಹೋಗಿ ನೋಡಿ ಬನ್ನಿ ಅಂತ ಕಂಡಕಂಡವರನ್ನು ಬೇಡಿಕೊಂಡರು. ಕೊನೆಗೆ ಸಂಸದ ಲಿಯೊ ರಯಾನ್ ಹೋದರು. 1978ರ ನವೆಂಬರ್ 18ರಂದು ಕೆಲವರು ಅವರ ಜೊತೆ ವಾಪಸು ಹೊರಟಾಗ ಪೋರ್ಟ್ ಕೈಟುಮಾ ಅನ್ನುವ ಸಣ್ಣ ವಿಮಾನಪಟ್ಟಿಯಲ್ಲಿ ಜೋನ್ಸ್‌ನ ಬಂದೂಕಿನವರು ಗುಂಡು ಹಾರಿಸಿದರು. ರಯಾನ್ ಸತ್ತರು, ಇನ್ನೂ ನಾಲ್ವರು ಸತ್ತರು. ರಯಾನ್ ಜೊತೆ ಹೋಗಿದ್ದ ಜಾಕಿ ಸ್ಪಿಯರ್ ಅನ್ನುವ ಹುಡುಗಿಗೆ ಐದು ಗುಂಡು ಬಿದ್ದವು. ಬದುಕಿದಳು. ಮುಂದೆ ಅವಳೇ ಸಂಸದೆಯಾದಳು.

ಅದೇ ಸಂಜೆ ಜೋನ್ಸ್‌ಟೌನ್‌ನಲ್ಲಿ ಸಯನೈಡ್ ಬೆರೆಸಿದ ಪಾನಕ ತಂದಿಟ್ಟರು. ಮೊದಲು ಮಕ್ಕಳು. ಎಳೆಯ ಕೂಸುಗಳ ಬಾಯಿಗೆ ಸಿರಿಂಜಿನಲ್ಲಿ ಬಿಟ್ಟರು. ಸುತ್ತ ಬಂದೂಕು ಹಿಡಿದವರಿದ್ದರು. ಆ ಹೊತ್ತಿನ ಸುಮಾರು 44 ನಿಮಿಷದ ಟೇಪ್ ಇದೆ. ನಾನು ಕೇಳಲಿಲ್ಲ, ಬರಹದಲ್ಲಿ ಓದಿದೆ. ಕ್ರಿಸ್ಟೀನ್ ಮಿಲ್ಲರ್ ಅನ್ನುವ ಹೆಂಗಸು ಎದ್ದು ನಿಂತು, ಈ ಮಕ್ಕಳಾದರೂ ಬದುಕಬೇಕಲ್ಲ ಅಂತ ಜೋನ್ಸ್ ಮುಖಕ್ಕೇ ವಾದ ಮಾಡಿದಳು. ಸುತ್ತಲಿದ್ದವರು ಕೂಗಿ ಅವಳ ಬಾಯಿ ಮುಚ್ಚಿಸಿದರು. ಅವಳೂ ಸತ್ತಳು. ಆ ದಿನ ಸತ್ತವರು ಒಟ್ಟು 918. ಅವರಲ್ಲಿ 300ಕ್ಕೂ ಹೆಚ್ಚು ಮಕ್ಕಳು. ಇದಕ್ಕೆ ಸಾಮೂಹಿಕ ಆತ್ಮಹತ್ಯೆ ಅಂತ ತಲೆಬರಹ ಕೊಟ್ಟವರಿಗೆ ಎರಡು ವರ್ಷದ ಮಗು ಆತ್ಮಹತ್ಯೆ ಹೇಗೆ ಮಾಡಿಕೊಳ್ಳುತ್ತದೆ ಅಂತ ಅನ್ನಿಸಲೇ ಇಲ್ಲ.

ಇದೆಲ್ಲ ನಿನಗೆ ಸ್ವಲ್ಪ ಗೊತ್ತಿರುತ್ತದೆ. ಆಮೇಲೆ ಮನೆಯವರಿಗೆ ಏನಾಯಿತು ಅನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನಿಮ್ಮ ಪಕ್ಕದ ಮನೆಯವರು ಆಗ ಇಪ್ಪತ್ತರ ಹುಡುಗಿ ಅಂದೆಯಲ್ಲ, ಅವರು ಏನು ನೋಡಿರಬಹುದು ಯೋಚಿಸು. ಮೊದಲು 400 ಹೆಣ ಅಂತ ಸುದ್ದಿ ಬಂತು. ಅಲ್ಲಿದ್ದವರು ಅದರ ಎರಡರಷ್ಟು ಅಂತ ಮನೆಯವರಿಗೆ ಗೊತ್ತಿತ್ತು. ಹಾಗಾದರೆ ಉಳಿದವರು ಕಾಡಿಗೆ ಓಡಿಹೋಗಿದ್ದಾರೆ, ನಮ್ಮವರು ಆ ಓಡಿಹೋದವರಲ್ಲಿ ಇದ್ದಾರೆ ಅಂತ ಕಾದರು. ದಿನ ಕಳೆದಂತೆ ಲೆಕ್ಕ ಏರಿತು. ಹೆಣಗಳ ಕೆಳಗೆ ಹೆಣಗಳಿದ್ದವು. ದೊಡ್ಡವರ ಮೈಕೆಳಗೆ ಮಕ್ಕಳಿದ್ದರು.

ದೇಹಗಳನ್ನು ಅಮೆರಿಕದ ಇನ್ನೊಂದು ತುದಿಗೆ, ಡೆಲವೇರ್‌ನ ಡೋವರ್ ವಾಯುನೆಲೆಗೆ ತಂದರು. ಮನೆಯವರಲ್ಲಿ ಹೆಚ್ಚಿನವರು ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಹೋಗಿ ಬರಲು, ದೇಹ ತರಲು ದುಡ್ಡು ಯಾರ ಹತ್ತಿರ ಇತ್ತು? ಕೆಲವು ಮನೆಗಳಲ್ಲಂತೂ ಹೋಗಿ ಕೇಳುವವರೇ ಉಳಿದಿರಲಿಲ್ಲ, ಇಡೀ ಸಂಸಾರ ಅಲ್ಲೇ ಮುಗಿದಿತ್ತು. ಇನ್ನು ಕೆಲವರಿಗೆ ಇವರು ನಮ್ಮವರು ಅಂತ ಹೇಳಿಕೊಳ್ಳಲು ನಾಚಿಕೆ. ಹೀಗೆ 400ಕ್ಕೂ ಹೆಚ್ಚು ದೇಹಗಳು ಉಳಿದವು. ಮಕ್ಕಳ ಗುರುತು ಹಿಡಿಯಲು ಬೆರಳಚ್ಚಿನ ದಾಖಲೆಯೂ ಇರಲಿಲ್ಲ. ಒಂದಾದ ಮೇಲೊಂದು ಸ್ಮಶಾನದವರು ನಮಗೆ ಬೇಡ ಅಂದರು. ಕೊನೆಗೆ ಎವರ್‌ಗ್ರೀನ್‌ನವರು ಒಪ್ಪಿದರು. 1979ರ ಮೇ ತಿಂಗಳಲ್ಲಿ ಗುಡ್ಡದ ಇಳಿಜಾರನ್ನು ಅಗೆದು, ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ಮಣ್ಣು ಮಾಡಿದರು. ನಿಮ್ಮ ಪಕ್ಕದ ಮನೆಯವರ ಅಕ್ಕ ಆ ಗುಡ್ಡದೊಳಗೆ ಇದ್ದಾಳೋ, ಗುರುತು ಸಿಕ್ಕು ಬೇರೆ ಕಡೆ ಮಣ್ಣಾದಳೋ ನೀನು ಹೇಳಲಿಲ್ಲ. ಕೇಳಲೂ ಹೋಗಬೇಡ, ಅವರಾಗಿ ಹೇಳಿದರೆ ಸರಿ. 2014ರಲ್ಲಿ ಕೂಡ ಡೋವರ್‌ನಲ್ಲಿ ಮುಚ್ಚಿಹೋಗಿದ್ದ ಒಂದು ಶವಸಂಸ್ಕಾರದ ಅಂಗಡಿಯಲ್ಲಿ ಒಂಬತ್ತು ಜನರ ಚಿತಾಭಸ್ಮ ಸಿಕ್ಕಿತು. ಸುಮಾರು 35 ವರ್ಷ ಅವು ಅಲ್ಲೇ ಕೂತಿದ್ದವು. ಇಷ್ಟು ವರ್ಷ ಆಯ್ತಲ್ಲ ಅನ್ನುವ ನಿನ್ನ ಮಾತು ಈ ಸಾವುಗಳಿಗೆ ಅಷ್ಟು ಸಲೀಸಾಗಿ ಹೊಂದುವುದಿಲ್ಲ ಮಗಳೇ.

ಬದುಕಿ ಬಂದವರಿಗೂ ಸುಖ ಇರಲಿಲ್ಲ. ಪಂಥದ ವಕ್ತಾರನಾಗಿದ್ದ ಮೈಕೆಲ್ ಪ್ರೋಕ್ಸ್ 1979ರ ಮಾರ್ಚಿನಲ್ಲಿ ಪತ್ರಕರ್ತರನ್ನು ಕರೆದು ಮಾತಾಡಿ, ಬಚ್ಚಲುಮನೆಗೆ ಹೋಗಿ ಗುಂಡು ಹಾರಿಸಿಕೊಂಡ. ಲೆಸ್ಲಿ ವ್ಯಾಗ್ನರ್-ವಿಲ್ಸನ್ ಅನ್ನುವ ಹುಡುಗಿ ಆ ದಿನ ಬೆಳಗ್ಗೆಯೇ ಪುಟ್ಟ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿನಲ್ಲಿ ನಡೆದು ಪಾರಾದಳು. ಜೊತೆಗೆ ಒಂದು ಸಣ್ಣ ಗುಂಪಿತ್ತು. ಅವಳ ಅಮ್ಮ, ಒಡಹುಟ್ಟಿದವರು ಹಿಂದೆ ಉಳಿದು ಸತ್ತರು. ಅವಳ ಗಂಡ ವಿಮಾನಪಟ್ಟಿಯಲ್ಲಿ ಗುಂಡು ಹಾರಿಸಿದವರಲ್ಲಿ ಒಬ್ಬ. ಅವನೂ ಸತ್ತ. ಆ ಮಗು ದೊಡ್ಡದಾಗಿ ಅಪ್ಪ ಎಲ್ಲಿ ಅಂತ ಕೇಳಿದಾಗ ಅವಳು ಯಾವ ಕಥೆ ಹೇಳಬೇಕು?

ನನಗೆ ಮುಂದೆ ಓದಲಾಗದೆ ಕನ್ನಡಕ ತೆಗೆದಿಟ್ಟಿದ್ದು ಜಾನ್ ಮೂರ್ ಮತ್ತು ಬಾರ್ಬರಾ ಮೂರ್ ಅವರ ವಿಷಯ ಬಂದಾಗ. ಜಾನ್ ಮೂರ್ ಮೆಥಡಿಸ್ಟ್ ಪಾದ್ರಿ. ಮೂವರು ಹೆಣ್ಣುಮಕ್ಕಳು. ದೊಡ್ಡವಳು ಕ್ಯಾರೊಲಿನ್ ಗಂಡನ ಜೊತೆ ಪೀಪಲ್ಸ್ ಟೆಂಪಲ್ ಸೇರಿದಳು, ಆಮೇಲೆ ಗಂಡನನ್ನು ಬಿಟ್ಟು ಜೋನ್ಸ್ ಜೊತೆ ಇದ್ದಳು, ಅವನಿಂದ ಒಂದು ಗಂಡುಮಗುವೂ ಆಯಿತು. ಚಿಕ್ಕವಳು ಆ್ಯನಿ ನರ್ಸ್. ಜೋನ್ಸ್‌ನ ಆರೈಕೆ ಅವಳೇ ನೋಡಿಕೊಳ್ಳುತ್ತಿದ್ದಳು. 1978ರ ಮೇ ತಿಂಗಳಲ್ಲಿ ಅಪ್ಪ ಅಮ್ಮ ಜೋನ್ಸ್‌ಟೌನ್‌ಗೆ ಹೋಗಿ ಮಕ್ಕಳನ್ನೂ ಮೊಮ್ಮಗನನ್ನೂ ನೋಡಿ ಬಂದಿದ್ದರು. ನವೆಂಬರಿನಲ್ಲಿ ಮೂವರೂ ಇಲ್ಲ. ಮೊಮ್ಮಗನಿಗೆ ಮೂರು ವರ್ಷ. ಆ್ಯನಿ ಸತ್ತಿದ್ದು ಜೋನ್ಸ್‌ನ ಮನೆಯೊಳಗೆ, ಗುಂಡೇಟಿನಿಂದ. ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟಿದ್ದಳು, ಜೋನ್ಸ್‌ನನ್ನು ಹೊಗಳಿ.

ಇವರಿಬ್ಬರೂ ಬರೀ ಸತ್ತವರಲ್ಲ ಪುಟ್ಟೀ. ಜೋನ್ಸ್‌ಗೆ ಹತ್ತಿರದವರು, ಆಡಳಿತದಲ್ಲಿ ಇದ್ದವರು. ಆ ಸಾವುಗಳ ತಯಾರಿಯಲ್ಲಿ ಇವರ ಕೈಯೂ ಇತ್ತು ಅನ್ನುವುದನ್ನು ನಡುವಿನ ಮಗಳು ರೆಬೆಕಾ ಮುಚ್ಚಿಟ್ಟಿಲ್ಲ. ಆಕೆ ಧರ್ಮಗಳ ಅಧ್ಯಯನದ ಪ್ರೊಫೆಸರ್ ಆದರು. ನಾನು ಓದಿದೆ ಅಂದೆನಲ್ಲ, ಆ ಸಂಗ್ರಹ ಕಟ್ಟಿದ್ದೇ ಅವರು ಮತ್ತು ಅವರ ಗಂಡ ಫೀಲ್ಡಿಂಗ್ ಮೆಕ್‌ಗೀ. ಅಪ್ಪ ಜಾನ್ ಮೂರ್ ನವೆಂಬರ್ 26ರ ಭಾನುವಾರವೇ ನೆವಾಡದ ರೀನೊ ಊರಿನ ತಮ್ಮ ಚರ್ಚಿನಲ್ಲಿ ಎದ್ದು ನಿಂತು ಉಪದೇಶ ಮಾಡಿದರು. ಮಕ್ಕಳ ದೇಹ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಇದನ್ನು ಓದಿ ನಿನ್ನನ್ನೇ ನೆನೆಸಿಕೊಂಡೆ ಅಂದರೆ ಬೇಜಾರು ಮಾಡಿಕೊಳ್ಳಬೇಡ. ಯಾವ ತಾಯಿಯಾದರೂ ಒಂದು ಸಲ ಹಾಗೆ ನೋಡಿಯೇ ನೋಡುತ್ತಾಳೆ. ಮಗಳು ಸತ್ತರೆ ಅಳಬಹುದು. ಮಗಳು ಕೊಂದು ಸತ್ತರೆ ಯಾರ ಹತ್ತಿರ ಹೋಗಿ ಅಳುವುದು? ನನ್ನ ಮಗಳು ಹೋದಳು ಅಂದರೆ, ನಿನ್ನ ಮಗಳಿಂದಲೇ ನನ್ನ ಕೂಸು ಹೋಯಿತು ಅನ್ನುವವರು ಎದುರಿಗೇ ಇದ್ದಾರೆ. ಅವರು ಹೇಳುವುದೂ ನಿಜ. ಬಾರ್ಬರಾ ಮೂರ್ ಆ ದುಃಖವನ್ನು ಎಲ್ಲಿಟ್ಟುಕೊಂಡಿದ್ದರೋ. ಗಾಂಧಾರಿಗಾದರೂ ಶಾಪ ಹಾಕಲು ಎದುರಿಗೆ ಕೃಷ್ಣ ಸಿಕ್ಕ.

ಕ್ಯಾರೊಲಿನ್ ಬಿಟ್ಟುಬಂದ ಗಂಡ ಇದ್ದನಲ್ಲ, ಅವನ ಹೆಸರು ಲ್ಯಾರಿ ಲೇಟನ್. ಅವನ ತಂಗಿ ಡೆಬೊರಾ ಆರು ತಿಂಗಳ ಮುಂಚೆ ತಪ್ಪಿಸಿಕೊಂಡು ಬಂದು, ಅಲ್ಲಿ ಎಲ್ಲರನ್ನೂ ಸಾಯಿಸುವ ಮಾತಾಡುತ್ತಿದ್ದಾರೆ ಅಂತ ಪ್ರಮಾಣ ಮಾಡಿ ಬರೆದುಕೊಟ್ಟಿದ್ದಳು. ಅವರಮ್ಮ ಆ ದುರಂತಕ್ಕೆ ಸ್ವಲ್ಪ ದಿನ ಮುಂಚೆ ಜೋನ್ಸ್‌ಟೌನ್‌ನಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ನವೆಂಬರ್ 18ರಂದು ಲೇಟನ್ ತಾನೂ ಬಿಟ್ಟು ಹೋಗುತ್ತೇನೆ ಅಂತ ನಾಟಕವಾಡಿ, ಹೊರಟವರ ಜೊತೆ ಸಣ್ಣ ವಿಮಾನ ಹತ್ತಿದ. ಒಳಗೆ ಪಿಸ್ತೂಲು ತೆಗೆದು ಗುಂಡು ಹಾರಿಸಿದ. ಗುಂಡು ಬಿದ್ದವರಲ್ಲಿ ವರ್ನನ್ ಗಾಸ್ನಿ ಒಬ್ಬ. ಹಿಂದಿನ ದಿನ ಕಳ್ಳತನದಲ್ಲಿ ಒಂದು ಚೀಟಿ ದಾಟಿಸಿ, ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಅಂತ ಕೇಳಿದ್ದವನು ಇವನೇ. ಐದು ವರ್ಷದ ಮಗ ಮಾರ್ಕ್‌ನನ್ನು ಅವನು ಹಿಂದೆ ಬಿಟ್ಟು ಬಂದಿದ್ದ. ಗಾಸ್ನಿ ಬದುಕಿದ. ಮಾರ್ಕ್ ಉಳಿಯಲಿಲ್ಲ.

ಅಮೆರಿಕದ ಕೋರ್ಟಿನಲ್ಲಿ ರಯಾನ್ ಕೊಲೆಯ ಸಂಚಿಗೆ ಶಿಕ್ಷೆಯಾಗಿದ್ದು ಲೇಟನ್ ಒಬ್ಬನಿಗೇ. 1987ರಲ್ಲಿ ಜೀವಾವಧಿ ಕೊಟ್ಟರು. 2002ರಲ್ಲಿ ಪೆರೋಲ್ ಮೇಲೆ ಬಿಟ್ಟರು. ಅವನನ್ನು ಬಿಡಿ ಅಂತ ಅವನ ಪರ ನಿಂತು ಹೇಳಿದವರಲ್ಲಿ ಯಾರಿದ್ದರು ಗೊತ್ತಾ? ವರ್ನನ್ ಗಾಸ್ನಿ. ಅಷ್ಟು ಹೊತ್ತಿಗೆ ಹವಾಯಿಯಲ್ಲಿ ಪೊಲೀಸ್ ಆಗಿದ್ದ ಮನುಷ್ಯ.

ನೋಡಮ್ಮಾ, ಅವನು ಕ್ಷಮಿಸಿದನಲ್ಲ ಅಂತ ನೀನು ಅನ್ನಬಹುದು. ಹೌದು, ದೊಡ್ಡ ಮನಸ್ಸು. ನನಗೆ ಅದನ್ನು ಓದಿ ಗಂಟಲು ಕಟ್ಟಿತು. ಆದರೆ ಒಂದು ಗಮನಿಸು. ಅವನ ಹೊಟ್ಟೆಗೆ ಬಿದ್ದ ಗುಂಡು ಅವನದು. ಆ ಲೆಕ್ಕ ಚುಕ್ತಾ ಮಾಡುವ ಹಕ್ಕು ಅವನಿಗಿತ್ತು, ಮಾಡಿದ. ಪಕ್ಕದಲ್ಲಿ ಗಾಯಗೊಂಡವರ ಲೆಕ್ಕ ಅವನದಲ್ಲ, ರಯಾನ್ ಮಕ್ಕಳ ಲೆಕ್ಕವೂ ಅಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಹೋಗಿ ಗಾಸ್ನಿಯ ಉದಾಹರಣೆ ಕೊಟ್ಟರೆ ಅವರು, ಅವನ ಮಾತು ಅವನಿಗಾಯಿತು, ನನಗೇನು ಅನ್ನುತ್ತಾರೆ. ಅಥವಾ ಏನೂ ಅನ್ನದೆ ಬಾಗಿಲು ಹಾಕಿಕೊಳ್ಳುತ್ತಾರೆ. ಎರಡೂ ಸರಿಯೇ.

ಈಗ ಆ ಕಲ್ಲು. ದುರಂತದ ಮರುವರ್ಷದಿಂದಲೇ ಪ್ರತಿ ನವೆಂಬರ್ 18ಕ್ಕೆ ಎವರ್‌ಗ್ರೀನ್‌ನಲ್ಲಿ ಪ್ರಾರ್ಥನೆ ನಡೆಸಿಕೊಂಡು ಬಂದವರು ಜೈನೋನಾ ನಾರ್ವುಡ್ ಅನ್ನುವ ಕಪ್ಪು ಪಾದ್ರಿ. ಆಕೆಯ ಮನೆಯ 27 ಜನ ಸತ್ತಿದ್ದರು. ಹೆತ್ತ ತಾಯಿಯೂ ಸೇರಿ. ದೊಡ್ಡ ಸ್ಮಾರಕ ಗೋಡೆ ಕಟ್ಟಿಸಬೇಕು ಅಂತ ವರ್ಷಗಟ್ಟಲೆ ಓಡಾಡಿದರು. ಅದು ಮುಗಿಯಲಿಲ್ಲ. ಇನ್ನೊಂದು ಕಡೆ ಜಿಮ್ ಜೋನ್ಸ್ ಜೂನಿಯರ್, ಫೀಲ್ಡಿಂಗ್ ಮೆಕ್‌ಗೀ, ಹನ್ನೊಂದು ಬಂಧುಗಳನ್ನು ಕಳೆದುಕೊಂಡ ಜಾನ್ ಕಾಬ್ ಸೇರಿ ದುಡ್ಡು ಕೂಡಿಸಿದರು. 2011ರ ಮೇ ತಿಂಗಳಲ್ಲಿ ನಾಲ್ಕು ಗ್ರಾನೈಟ್ ಹಲಗೆಗಳನ್ನು ಹಾಕಿಸಿದರು. 918 ಹೆಸರು, ಅಕ್ಷರದ ಸಾಲಿನಲ್ಲಿ. ಅವರಲ್ಲಿ ಒಬ್ಬ ಜೇಮ್ಸ್ ವಾರನ್ ಜೋನ್ಸ್. ನಾರ್ವುಡ್ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ.

ಒಂದು ವಿಚಿತ್ರ ನೋಡು. ಜೋನ್ಸ್ ಆ ಗುಡ್ಡದಲ್ಲಿ ಇಲ್ಲವೇ ಇಲ್ಲ. ಅವನ ದೇಹ ಸುಟ್ಟು ಬೂದಿಯನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಹಾಕಿದರು. ಅಲ್ಲಿರುವುದು ಹೆಸರು ಮಾತ್ರ. ಆ ಹೆಸರಿಗೇ ಇಷ್ಟು ಜಗಳ.

ದತ್ತುಮಗನನ್ನು ಬೈಯುವುದು ಸುಲಭ. ಆ ದಿನ ಅವನೂ ಅವನ ಅಣ್ಣ ಸ್ಟೀಫನ್ ಜೋನ್ಸೂ ಬಾಸ್ಕೆಟ್‌ಬಾಲ್ ಆಡಲು ರಾಜಧಾನಿ ಜಾರ್ಜ್‌ಟೌನ್‌ಗೆ ಹೋಗಿದ್ದರು. ಅದಕ್ಕೇ ಬದುಕಿದರು. ಜೂನಿಯರ್‌ನ ಬಸುರಿ ಹೆಂಡತಿ ಜೋನ್ಸ್‌ಟೌನ್‌ನಲ್ಲಿ ಸತ್ತಳು. ತಾಯಿ ಸತ್ತಳು. ಕೊಂದವನು ಅಪ್ಪ. ಇವರಿಬ್ಬರಿಗೆ ಆ ಕಲ್ಲಿನ ಮುಂದೆ ನಿಲ್ಲುವ ಹಕ್ಕಿಲ್ಲ ಅಂತ ಯಾರು ಹೇಳುತ್ತಾರೆ? ಅಂದು ಸತ್ತ ಎಲ್ಲರ ಹೆಸರೂ ಇರಲಿ ಅನ್ನುವುದು ಇವರ ಕಡೆಯ ಮಾತು. ಯೋಚಿಸಿದರೆ ಅದರಲ್ಲಿ ಅರ್ಥ ಇದೆ. ಜೋನ್ಸ್ ಹೆಸರು ತೆಗೆಯಿರಿ. ಸರಿ. ಆಮೇಲೆ ವಿಷ ಕಲಸಿದವರದ್ದು? ಸಿರಿಂಜು ಹಿಡಿದವರದ್ದು? ಹೆದರಿ ತನ್ನ ಮಗುವಿಗೆ ತಾನೇ ಕುಡಿಸಿದ ತಾಯಿಯದ್ದು? ಒಂದೊಂದೇ ಹೆಸರಿನ ಮುಂದೆ ನಿಂತು ತೀರ್ಪು ಕೊಡುತ್ತಾ ಹೋಗಬೇಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕ್ಷಮಿಸಿದ ಹಾಗಲ್ಲ. ಮಹಾಲಯ ಅಮಾವಾಸ್ಯೆಯಲ್ಲಿ ಅಪ್ಪ ಎಳ್ಳುನೀರು ಬಿಡುವಾಗ ಆ ದೊಡ್ಡಜ್ಜನ ಹೆಸರೂ ಬರುತ್ತದೆ, ತಮ್ಮಂದಿರ ಗದ್ದೆ ನುಂಗಿದವರು. ಅವರನ್ನು ಈ ಮನೆಯಲ್ಲಿ ಯಾರೂ ಕ್ಷಮಿಸಿಲ್ಲ, ಅದು ನಿನಗೂ ಗೊತ್ತು. ಆದರೂ ಹೆಸರು ಬಿಡುವುದಿಲ್ಲ. ಆದರೆ ದೊಡ್ಡಜ್ಜ ನುಂಗಿದ್ದು ಗದ್ದೆ. ಮಕ್ಕಳನ್ನಲ್ಲ. ಹಾಗಾಗಿ ನಾರ್ವುಡ್ ಅವರು ಮಾಡಿದ್ದು ತಪ್ಪು ಅಂತ ಚಿಕ್ಕಮಗಳೂರಿನಲ್ಲಿ ಕೂತು ನಾನು ಹೇಳಲಾರೆ. ಕೆಲವು ವರ್ಷ ಒಂದೇ ದಿನ, ಒಂದೇ ಗುಡ್ಡದಲ್ಲಿ ಎರಡು ಗುಂಪು ಬೇರೆ ಬೇರೆ ಹೊತ್ತಿಗೆ ಪ್ರಾರ್ಥನೆ ಮಾಡಿದವು. ಹೊರಗಿನವರಿಗೆ ಇದು ಅಸಹ್ಯ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಒಂದಾಗಿ ಅಳಲೇಬೇಕು ಅಂತ ನಿಯಮ ಎಲ್ಲಿದೆ?

ಒಂದೇ ಮನೆಯ ಮಕ್ಕಳೇ ಒಂದೇ ದುಃಖವನ್ನು ಹೊತ್ತು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಲಿಯೊ ರಯಾನ್ ಅವರ ಮಕ್ಕಳನ್ನೇ ತೆಗೆದುಕೋ. ಮಗಳು ಪೆಟ್ರೀಷಿಯಾ ಇಂಥ ಪಂಥಗಳಿಗೆ ಸಿಕ್ಕವರ ಮನೆಯವರಿಗೆ ನೆರವಾಗುವ ಸಂಸ್ಥೆಯ ಅಧ್ಯಕ್ಷೆಯಾದಳು. ಇನ್ನೊಬ್ಬ ಮಗಳು ಶಾನನ್ ಕೆಲವೇ ವರ್ಷಗಳಲ್ಲಿ ನಮ್ಮ ಪುಣೆಗೆ ಬಂದು ರಜನೀಶರ ಶಿಷ್ಯೆಯಾದಳು. ಹೆಸರು ಬದಲಿಸಿಕೊಂಡಳು, ಆಮೇಲೆ ಅಮೆರಿಕದ ಆರೆಗನ್‌ನಲ್ಲಿದ್ದ ಅವರ ಊರಿಗೂ ಹೋದಳು. ಗುರುವಿನ ಹಿಂದೆ ಹೋದವರನ್ನು ಬಿಡಿಸಲು ಹೋಗಿ ಅಪ್ಪ ಸತ್ತ, ಮಗಳು ಇನ್ನೊಬ್ಬ ಗುರುವಿನ ಹಿಂದೆ ಹೋದಳು ಅಂತ ಜನ ಆಡಿಕೊಂಡರು. ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ಎಲ್ಲಿ ಸಮಾಧಾನ ಸಿಗಬೇಕು ಅಂತ ಆಡಿಕೊಳ್ಳುವವರು ಗೊತ್ತುಮಾಡಲು ಆಗುತ್ತಾ? ನನಗೆ ರಜನೀಶರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಲ್ಲ, ಅದು ಬೇರೆ ಮಾತು.

ಇನ್ನೊಂದು ಊಹೆ ಹೇಳುತ್ತೇನೆ. ತಪ್ಪಿರಬಹುದು, ನಿನ್ನಲ್ಲೇ ಇಟ್ಟುಕೋ. ನಿಮ್ಮ ಪಕ್ಕದ ಮನೆಯವರ ಸಿಟ್ಟೆಲ್ಲ ಜೋನ್ಸ್ ಮೇಲೇ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಆ ಇಬ್ಬರು ಮಕ್ಕಳನ್ನು ವಿಮಾನ ಹತ್ತಿಸಿದ್ದು ಅವರ ಅಕ್ಕ. ಬೇಡ ಕಣೇ ಹೋಗಬೇಡ ಅಂತ ಇವರು ಹೇಳಿದ್ದರೋ, ಹೇಳದೆ ಸುಮ್ಮನಿದ್ದರೋ. ಜೋನ್ಸ್‌ನನ್ನು ದ್ವೇಷಿಸಬಹುದು, ಲೋಕವೇ ಜೊತೆಗಿದೆ. ಸತ್ತ ಅಕ್ಕನ ಮೇಲಿನ ಕೋಪವನ್ನು ಯಾರ ಹತ್ತಿರ ಹೇಳುವುದು? ಅದು ಕೂಡ ಇದೇ ಸಿಟ್ಟಿನೊಳಗೆ ಸೇರಿಕೊಂಡಿರುತ್ತದೆ. ನೀನು ಹೋಗಿ ಕ್ಷಮಿಸಿ ಅಂದರೆ ಯಾರನ್ನು ಅಂತ ಅವರಿಗೆ ಕೇಳಿಸುತ್ತದೋ ನಿನಗೆ ಗೊತ್ತಾಗುವುದಿಲ್ಲ.

ಕ್ಷಮಿಸಿದರೆ ಬಿಪಿ ಇಳಿಯುತ್ತದೆ, ನಿದ್ದೆ ಬರುತ್ತದೆ ಅಂತ ಈಗ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಕೊಲೆಯಾದ ಮನೆಯವರಿಗೆ ಆರೋಗ್ಯದ ಸಲಹೆಯ ಹಾಗೆ ಅದನ್ನು ಹೇಳುವುದು ನನಗೆ ಒಗ್ಗುವುದಿಲ್ಲ. ಕ್ಷಮಿಸಿದವರು ದೊಡ್ಡವರು, ಕ್ಷಮಿಸದವರು ಸಣ್ಣವರು ಅನ್ನುವ ಒಂದು ವಾಸನೆ ಆ ಮಾತಿನಲ್ಲಿ ಬಂದುಬಿಡುತ್ತದೆ. ಅದರಲ್ಲೂ ಅವರು ಕಪ್ಪು ಹೆಂಗಸು. ಆ ದೇಶದಲ್ಲಿ ಅವರ ಜನರಿಗೆ ಕ್ಷಮಿಸಿ, ಕ್ಷಮಿಸಿ ಅಂತ ಎಷ್ಟು ಸಲ ಯಾರು ಯಾರು ಹೇಳಿದ್ದಾರೋ. ಆ ಸಾಲಿನಲ್ಲಿ ನೀನೂ ಹೋಗಿ ನಿಲ್ಲಬೇಡ.

ಈ ಹದಿನೆಂಟಕ್ಕೆ ಅವರು ಎಲ್ಲೂ ಹೋಗದೆ ಮನೆಯಲ್ಲೇ ಇರುತ್ತಾರೆ ಅಂದೆಯಲ್ಲ. ಸಂಜೆ ಕೆಲಸ ಮುಗಿಸಿ ಹೋಗು. ಬರಿಗೈಯಲ್ಲಿ ಹೋಗಬೇಡ, ಚಿತ್ರಾನ್ನ ಮಾಡಿಕೊಂಡು ಹೋಗು, ಹಸಿಮೆಣಸಿನಕಾಯಿ ಕಮ್ಮಿ ಹಾಕು, ನಿನ್ನ ಕೈ ಖಾರ ಜಾಸ್ತಿ. ಅಕ್ಕನ ವಿಷಯ ಬಂದರೆ ಹೇಗೆ ಸತ್ತರು ಅಂತ ಕೇಳಬೇಡ, ಅದನ್ನು ಎಲ್ಲರೂ ಕೇಳಿರುತ್ತಾರೆ. ಹೇಗಿದ್ದರು ಅಂತ ಕೇಳು. ಹಾಡುತ್ತಿದ್ದರಾ, ಏನು ಅಡುಗೆ ಮಾಡುತ್ತಿದ್ದರು, ಇಬ್ಬರಲ್ಲಿ ಜಗಳ ಆಡುತ್ತಿದ್ದವರು ಯಾರು. ಮಕ್ಕಳ ಹೆಸರು ಹೇಳಿದರೆ ನೆನಪಿಟ್ಟುಕೊಂಡು ನನಗೂ ಹೇಳು. ಅವರು ಜೋನ್ಸ್‌ನನ್ನು ಬೈದರೆ ಬೈಯಲಿ, ನೀನು ನಡುವೆ ಬಾಯಿ ಹಾಕಬೇಡ. ಮುಂದೆ ಯಾವತ್ತಾದರೂ ಅವರೇ ಎವರ್‌ಗ್ರೀನ್‌ಗೆ ಹೋಗಿ ಬರೋಣ ಅಂದರೆ ಆಫೀಸಿಗೆ ರಜೆ ಹಾಕಿ ಕಾರು ತೆಗೆ. ಅನ್ನದಿದ್ದರೆ ಆ ವಿಷಯ ಅಲ್ಲಿಗೆ ಬಿಡು.

ಅಪ್ಪ ಕೇಳಿದರು ಅಂತ ಹೇಳು ಅಂದರು. ನಿನ್ನ ಹಳೆಯ ಸ್ವೆಟರ್ ಸಿಕ್ಕಿದೆ, ಡಿಸೆಂಬರಿಗೆ ಬಂದಾಗ ತೆಗೆದುಕೊಂಡು ಹೋಗು. ಶನಿವಾರ ಫೋನ್ ಮಾಡು, ಭಾನುವಾರ ನಾವು ಮೂಡಿಗೆರೆಗೆ ಮದುವೆಗೆ ಹೋಗಬೇಕು.

ಇಂತಿ,
ನಿನ್ನ ಅಮ್ಮ